ಟಾಂಗಾದ ಓಟದಲ್ಲಿ ಕೂತವರು

ಹುನಗುಂದದ ರಸ್ತೆ

ಬೆಳಗಿನ ಜಾವ ಇಳಕಲ್ಲಿನಿಂದ ಹುನಗುಂದದ ಕಡೆಗೆ ಒಬ್ಬ ಹುಡುಗಿ ಓಡುತ್ತಿದ್ದರೆ, ಅವಳ ಹಿಂದೆ ಅವಳ ಅಪ್ಪ ಸೈಕಲ್ ತುಳಿಯುತ್ತ ಬರುತ್ತಿದ್ದರೆ, ಎದುರಿಗೆ ಬಂದವರಿಗೆ ಹೊಳೆಯುವ ವಿಚಾರ ಒಂದೇ.

“ಯಾಕ್ರಿ ಮಾಸ್ತರ, ಬಸ್ ತಪ್ಪಿತೇನ್ರಿ? ನಿಂದರಸ್ರಿ ಹುಡುಗೀನ. ಹಿಂದ ನಮ್ಮ ಲಾರಿ ಬರಾಕತ್ತೈತಿ, ಹತ್ತಿಸಿ ಕಳಸ್ತೀನಿ.”

ಅಪ್ಪ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವರು. “ಬಸ್ ಅಲ್ಲರಿ, ಆಕಿ ಸುಮ್ಮನ ಓಡತಾಳ” ಎನ್ನುತ್ತಿದ್ದರು. “ಸುಮ್ಮನ?” ಎಂದು ಆ ಮನುಷ್ಯ ನನ್ನನ್ನು ಇನ್ನೊಮ್ಮೆ ನೋಡುವಷ್ಟರಲ್ಲಿ ನಾನು ಮುಂದೆ ಹೋಗಿರುತ್ತಿದ್ದೆ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಿಡಿದ ಚಟ ಇದು. ಓಡುವಾಗ ಯಾರೊಂದಿಗೂ ಮಾತಾಡಬೇಕಾಗಿಲ್ಲ ಎಂಬುದೇ ಅದರಲ್ಲಿ ನನಗೆ ಹಿಡಿಸಿದ ಗುಣ. ಓದು ಮುಗಿದು, ಕಾಲೇಜುಗಳಿಗೆ ಅರ್ಜಿ ಹಾಕಿಕೊಂಡು ಮನೆಯಲ್ಲಿದ್ದಾಗಲೂ ಅದನ್ನು ಬಿಡಲಿಲ್ಲ. ಹಾದಿಯ ಪಕ್ಕದ ಒಂದು ಹೊಲದಲ್ಲಿ ಗೌರವ್ವ ಎಂಬ ಹಿರಿಯ ಹೆಂಗಸು ದಿನವೂ ಕೈಬೀಸಿ ಕರೆಯುತ್ತಿದ್ದಳು. “ಬಾ ತಂಗಿ, ಒಂಚೂರು ಕುಂದರು. ಬೆಲ್ಲ ತಿಂದು ನೀರ ಕುಡಿದು ಹೋಗು.” ನಾನು ಕೈಯೆತ್ತಿ ನಕ್ಕು ಮುಂದೆ ಓಡುತ್ತಿದ್ದೆ. ನಡುವೆ ನಿಂತರೆ ಅದು ಓಟವಲ್ಲ ಎಂಬ ನಂಬಿಕೆ ಆಗ ನನಗಿತ್ತು.

ನಮ್ಮ ಅಕ್ಕ ಮದುವೆಯಾಗಿ ಆಫ್ರಿಕಾದ ಪೂರ್ವ ಕರಾವಳಿಯಲ್ಲಿರುವ ಟಾಂಗಾ ಎಂಬ ಊರಿಗೆ ಹೋಗಿದ್ದಳು. ಟಾಂಜಾನಿಯಾ ದೇಶದ ಬಂದರು ಅದು. ಅಕ್ಕನ ಗಂಡ ಹುನಗುಂದದವರು, ಟಾಂಗಾದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಮಾಮಾ ಎನ್ನುತ್ತೇನೆ. ಅಕ್ಕನಿಗೆ ಗಂಡುಕೂಸು ಹುಟ್ಟಿದ ಸುದ್ದಿ ಬಂತು. ಬಾಣಂತನಕ್ಕೆ ಅವ್ವ ಹೋಗಬೇಕಿತ್ತು. ಪಾಸ್‌ಪೋರ್ಟೂ ಆಗಿತ್ತು. ಆದರೆ ಹೊರಡುವ ಮಾತು ಬಂದಾಗ ಅವ್ವ ಕೈಚೆಲ್ಲಿದಳು.

“ಅಷ್ಟ ಎತ್ತರ ಹೋದ ಮ್ಯಾಲ ಇಳ್ಯಾಕ ಬರಲಿಲ್ಲಂದ್ರ ಏನ್ ಮಾಡೂದು? ನಾ ಒಲ್ಲೆ. ಗಿರಿಜಾ, ನೀನ ಹೋಗು. ನೀ ಹೆಂಗೂ ಓಡಾಕಿ.”

ಓಡುವುದಕ್ಕೂ ಹಾರುವುದಕ್ಕೂ ಏನು ಸಂಬಂಧ ಎಂದು ಕೇಳಲು ಹೋಗಲಿಲ್ಲ. ಸಂಕ್ರಮಣದ ಮುಂಚೆ ಅಪ್ಪ ಅಮೀನಗಡಕ್ಕೆ ಹೋಗಿ ಬಾಣಂತಿಗೆಂದು ಡಬ್ಬಿ ತುಂಬ ಕರದಂಟು ಕಟ್ಟಿಸಿಕೊಂಡು ಬಂದರು. ಅವ್ವ ಕಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟಳು. ನಾನು ಓಡುವ ಬೂಟುಗಳನ್ನು ಅದರ ಪಕ್ಕಕ್ಕೆ ತುರುಕಿದೆ.

ದಾರ್ ಎಸ್ ಸಲಾಮ್

ಟಾಂಗಾದ ಬಸ್ಸು ಹಿಡಿಯಬೇಕಾದ ಈ ಊರಿನಲ್ಲಿ ವಿಮಾನ ಇಳಿಯಿತು, ಅವ್ವನಿಗೆ ಇದನ್ನು ಬರೆಯಬೇಕು ಎಂದುಕೊಂಡೆ. ಸಾಮಾನು ನೋಡುವ ಅಧಿಕಾರಿ ಸೀರೆಯ ಗಂಟು ಬಿಚ್ಚಿಸಿ, ರೊಟ್ಟಿಯ ಥಪ್ಪಿಯನ್ನು ಪೆನ್ನಿನಿಂದ ತಟ್ಟಿದರು. ಅದು ಹಂಚಿನಂತೆ ಸದ್ದು ಮಾಡಿತು.

“ಇದೇನು?”

“ತಿನ್ನುವ ವಸ್ತು.”

ಅವರು ನಂಬಲಿಲ್ಲ. ಒಂದು ತುಂಡು ಮುರಿದು ಕೊಟ್ಟೆ. ಅವರು ಕಡಿದ ಸದ್ದಿಗೆ ಪಕ್ಕದ ಮೇಜಿನವರು ಎದ್ದು ಬಂದರು. ಅವರಿಗೂ ಕೊಡಬೇಕಾಯಿತು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಆಮೇಲೆ ಕರದಂಟಿನ ಡಬ್ಬಿ ತೆರೆದು, ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ ಸೇರಿ ಗಟ್ಟಿಯಾದ ಆ ತುಣುಕುಗಳನ್ನು ದಿಟ್ಟಿಸಿ, “ಇದು ಔಷಧವೋ ತಿಂಡಿಯೋ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಹೆತ್ತವಳಿಗೆ ಔಷಧ, ಉಳಿದವರಿಗೆ ತಿಂಡಿ” ಎಂದೆ. ಇದಕ್ಕಿಂತ ನಿಖರವಾದ ಉತ್ತರ ನನಗೆ ಈಗಲೂ ತೋಚುವುದಿಲ್ಲ.

ಅವರು ಡಬ್ಬಿಯ ಮುಚ್ಚಳ ಹಾಕಿ ನಕ್ಕು, “ಪೋಲೆ ನಾ ಸಫಾರಿ” ಎಂದರು. ಪ್ರಯಾಣದಲ್ಲಿ ದಣಿದಿರಿ, ಪಾಪ, ಎಂಬಂಥ ಮಾತು. ಆ ದೇಶದಲ್ಲಿ ನಾನು ಕಲಿತ ಮೊದಲ ಶಬ್ದ ‘ಪೋಲೆ’.

ಟಾಂಗಾ

ಟಾಂಗಾದಲ್ಲಿ ಎಡವಿದರೆ ಪೋಲೆ. ಕೆಮ್ಮಿದರೆ ಪೋಲೆ. ಭಾರ ಹೊತ್ತು ನಡೆದರೆ, ಬಿಸಿಲಿನಲ್ಲಿ ಬಸ್ಸಿಗೆ ಕಾದರೆ, ಕೂಸು ಅತ್ತರೆ, ಪಕ್ಕದಲ್ಲಿದ್ದ ಗುರುತಿಲ್ಲದವರು ಕೂಡ ಪೋಲೆ ಎನ್ನುತ್ತಾರೆ. ಅವರ ತಪ್ಪೇನೂ ಇರುವುದಿಲ್ಲ. ನಿನ್ನ ಕಷ್ಟ ಕಂಡೆ ಎಂದಷ್ಟೇ ಅರ್ಥ. ನಮ್ಮ ಕಡೆ ಎಡವಿದವರಿಗೆ ಸಿಗುವ ಮಾತು “ಕಣ್ಣ ಎಲ್ಲಿಟ್ಟಿದ್ದಿ?” ಎಂಬುದು. ಮೊದಮೊದಲು ನಾನು “ಇಲ್ಲ ಇಲ್ಲ, ನಿಮ್ಮಿಂದಲ್ಲ” ಎಂದು ಪ್ರತಿಯೊಬ್ಬರಿಗೂ ವಿವರಿಸುತ್ತಿದ್ದೆ. ಮಾಮಾ ಹೊಟ್ಟೆ ಹಿಡಿದು ನಕ್ಕರು.

“ಹಂಗ ವಕೀಲಕಿ ಮಾಡಬ್ಯಾಡ. ‘ನಿಮೆಪೋವಾ’ ಅನ್ನು. ತಣ್ಣಗಾದೆ ಅಂತ ಅರ್ಥ. ಅಷ್ಟಕ್ಕ ಮುಗೀತು.”

ತಣ್ಣಗಾಗುವುದು ಮಾತ್ರ ಸುಳ್ಳು. ಬಿಸಿಲಿನ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಹುನಗುಂದದ ಏಪ್ರಿಲ್ ಕಂಡವಳಿಗೆ ಯಾವ ಊರಿನ ಬಿಸಿಲೇನು ಮಾಡೀತು ಎಂದುಕೊಂಡಿದ್ದೆ. ಆದರೆ ನಮ್ಮ ಬಿಸಿಲು ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟಂತೆ ಸುಡುತ್ತದೆ. ಟಾಂಗಾದ ಬಿಸಿಲು ಕಡುಬಿನಂತೆ ಹಬೆಯಲ್ಲಿ ಬೇಯಿಸುತ್ತದೆ. ಸಮುದ್ರದ ಪಕ್ಕದಲ್ಲಿ ಬೆವರು ಆರುವುದೇ ಇಲ್ಲ.

ಅಕ್ಕ ಬಾಣಂತಿಯ ಶಾಸ್ತ್ರದಂತೆ ತಲೆಗೆ ಬಟ್ಟೆ ಕಟ್ಟಿಕೊಂಡು, ಕಿಟಕಿಯ ಬಳಿ ಕೂತು, ಕರದಂಟನ್ನು ಒಂದೊಂದೇ ತುಣುಕು ಚಪ್ಪರಿಸುತ್ತಿದ್ದಳು. ಆಗ ಆ ದೇಶದಲ್ಲಿ ಸಕ್ಕರೆ, ಸಾಬೂನು ಸಿಗುವುದೇ ಕಷ್ಟವಾಗಿತ್ತು. ಬೆಲ್ಲ ಮಾತ್ರ ಸಂತೆಯಲ್ಲಿ ಸಿಗುತ್ತಿತ್ತು. ಅದನ್ನು ಅವರು ‘ಸುಕಾರಿ ಗುರು’ ಎನ್ನುತ್ತಾರೆ. “ನೋಡು, ಇಲ್ಲೆ ಬೆಲ್ಲಕ್ಕ ಎಷ್ಟು ಮರ್ಯಾದಿ ಕೊಡತಾರ” ಎಂದು ಅಕ್ಕ ಹೆಮ್ಮೆಪಟ್ಟಳು, ಆ ಊರನ್ನು ತಾನೇ ಕಟ್ಟಿಸಿದವಳಂತೆ.

ಮಾಮಾ ಒಂದು ಓಟದ ಕೂಟದ ಸದಸ್ಯರು. ಬಂದರಿನ ಕೆಲಸಗಾರರು, ರೈಲ್ವೆಯವರು, ಮೇಷ್ಟ್ರುಗಳು ಸೇರಿ ಸಂಜೆ ಸಮುದ್ರದ ದಂಡೆಯ ರಸ್ತೆಯಲ್ಲಿ ಓಡುತ್ತಿದ್ದರು. ಕೂಟ ವರ್ಷಕ್ಕೊಮ್ಮೆ ಅರ್ಧ ಮ್ಯಾರಥಾನ್ ನಡೆಸುತ್ತದೆ. ಓದುಗರಿಗೆ ಅಂದಾಜು ಸಿಗಲೆಂದು ಹೇಳುತ್ತೇನೆ, ಬಾದಾಮಿಯಿಂದ ಪಟ್ಟದಕಲ್ಲಿಗೆ ಹೆಚ್ಚುಕಡಿಮೆ ಇರುವಷ್ಟು ದೂರ. ನಾನು ಬೂಟು ತಂದದ್ದು ನೋಡಿದ್ದೇ ಮಾಮಾ ಕೂಟದ ಕಾರ್ಯದರ್ಶಿಯನ್ನು ಮನೆಗೆ ಕರೆತಂದರು. ಬಂದರಿನಲ್ಲಿ ತೂಕದ ಗುಮಾಸ್ತರಾಗಿದ್ದ ಆ ಹಿರಿಯರನ್ನು ಎಲ್ಲರೂ ಮ್ಝೇ ಹಮೀಸಿ ಎನ್ನುತ್ತಿದ್ದರು. ವಯಸ್ಸಾದವರನ್ನು ಅಲ್ಲಿ ಗೌರವದಿಂದ ಮ್ಝೇ ಎಂದು ಕರೆಯುತ್ತಾರೆ. ಅವರ ಜೊತೆಗೆ ನೀಮಾ ಎಂಬ ನರ್ಸ್ ಬಂದಿದ್ದಳು. ಹೆರಿಗೆಯ ಸಮಯದಲ್ಲಿ ಅಕ್ಕನನ್ನು ನೋಡಿಕೊಂಡವಳು, ನನ್ನ ವಯಸ್ಸಿನವಳು.

ನೀಮಾ ತಮ್ಮ ಕೇರಿಯ ಹುಡುಗಿಯರನ್ನು ಕಟ್ಟಿಕೊಂಡು ನಸುಕಿನಲ್ಲಿ ಮರಳಿನ ಮೇಲೆ ಓಡುತ್ತಿದ್ದಳು. ಆ ಹುಡುಗಿಯರು ಮುಂದಿನ ವರ್ಷದ ಓಟಕ್ಕೆ ಇಳಿಯಬೇಕು ಎಂಬುದು ಅವಳ ಆಸೆ. ಆದರೆ ಕೂಟ ಈವರೆಗೆ ಹೆಂಗಸರನ್ನು ಸೇರಿಸಿರಲಿಲ್ಲ. ಅವಳು ಕೇಳುತ್ತಲೇ ಇದ್ದಳು, ಮ್ಝೇ ತಲೆಯಾಡಿಸುತ್ತಲೇ ಇದ್ದರು. ಈಗ ಇನ್ನೊಬ್ಬ ಹೆಂಗಸು ಸಿಕ್ಕಿದ್ದರಿಂದ ಅವರು ಸ್ವಲ್ಪ ಬಗ್ಗಿದ್ದರು.

“ಈ ಸಲ ನೀವಿಬ್ಬರೂ ಓಡಿ, ನೋಡೋಣ” ಎಂದರು ಮ್ಝೇ. “ಒಂದೇ ಷರತ್ತು. ನಡುವೆ ಎಲ್ಲಿಯೂ ಕೂರುವಂತಿಲ್ಲ. ಒಬ್ಬ ಹೆಂಗಸು ದಾರಿಯಲ್ಲಿ ಕೂತುಬಿಟ್ಟರೆ ಊರಿನವರು ನನ್ನನ್ನು ಕೇಳುತ್ತಾರೆ, ಬಿಸಿಲಲ್ಲಿ ಓಡಿಸಿ ಕೊಲ್ಲುತ್ತೀಯಾ ಎಂದು. ಇಬ್ಬರಲ್ಲಿ ಯಾರು ಕೂತರೂ ಮುಂದಿನ ವರ್ಷದಿಂದ ಹೆಂಗಸರಿಲ್ಲ.”

ಅವರು ಕೆಟ್ಟವರಲ್ಲ, ನಿಜವಾಗಿ ಹೆದರಿದ್ದರು. ನೀಮಾ ತಕ್ಷಣ ಒಪ್ಪಿದಳು. ನಾನೂ ತಲೆಯಾಡಿಸಿದೆ. ನಾನಂತೂ ಎಂದೂ ಕೂತವಳಲ್ಲ. ಸೋತರೂ ನನಗೆ ನಷ್ಟವಿರಲಿಲ್ಲ, ಊರಿಗೆ ಹೋಗಿಬಿಡುತ್ತೇನೆ. ನಷ್ಟವೆಲ್ಲ ನೀಮಾಳದು, ಅವಳ ಹುಡುಗಿಯರದು. ಅದನ್ನು ನೆನೆದಾಗ ನನ್ನ ಕಾಲುಗಳು ನನ್ನವಲ್ಲ, ಯಾರೋ ಎರವಲು ಕೊಟ್ಟವು ಎನಿಸಿತು.

ಓಟದ ಬೆಳಗು

ಸೂರ್ಯ ಹುಟ್ಟುವ ಮೊದಲೇ ಹೊರಟು, ಬಿಸಿಲೇರುವಷ್ಟರಲ್ಲಿ ಮುಗಿಸುವುದೆಂದು ಗೊತ್ತಾಗಿತ್ತು. ಎಲ್ಲರೂ ಕತ್ತಲಲ್ಲೇ ಬಂದು ಸೇರಿದೆವು. ಆದರೆ ಬಾವುಟ ಬೀಸಬೇಕಾದ ಮುಖ್ಯ ಅತಿಥಿಗಳು ಬರಲಿಲ್ಲ. ನಾನು ಬಿ.ಎಸ್ಸಿ. ಓದಿದ್ದು ಬಾಗಲಕೋಟೆಯಲ್ಲಿ. ಅಲ್ಲಿಯ ಸಮಾರಂಭಗಳಲ್ಲಿ ಮುಖ್ಯ ಅತಿಥಿಗಾಗಿ ಕಾದು ಕಾದು ಪ್ರಾರ್ಥನೆಯ ಹುಡುಗಿಯರ ಮುಡಿಯ ಹೂವು ಬಾಡುವುದನ್ನು ನೋಡಿದ್ದೇನೆ. ಆಫ್ರಿಕಾದಲ್ಲೂ ಅದೇ ಕಂಡು, ಪರದೇಶದಲ್ಲಿದ್ದೇನೆಂಬ ಅಳುಕು ಅರ್ಧ ಕಡಿಮೆಯಾಯಿತು.

“ಜಗತ್ತಿನಾಗ ಎಲ್ಲಾ ಮುಖ್ಯ ಅತಿಥಿಗಳೂ ಒಂದ ಮನಿತನದವ್ರು” ಎಂದರು ಮಾಮಾ, ನೆಲದ ಮೇಲೆ ಕಾಲು ಚಾಚಿ.

ಕೊನೆಗೆ ಬಿಳಿ ಕಾರು ಬಂತು, ಭಾಷಣವಾಯಿತು, ಬಾವುಟ ಬೀಸಿದ್ದಾಯಿತು. ಅಷ್ಟರಲ್ಲಿ ಡಾಂಬರು ಆಗಲೇ ಕಾಯುತ್ತಿತ್ತು. ನಾನು ಸಲ್ವಾರ್ ಕಮೀಜ್ ತೊಟ್ಟು, ಓಢಣಿಯನ್ನು ಸೊಂಟಕ್ಕೆ ಬಿಗಿದಿದ್ದೆ. ಹೊರಡುವಾಗ ಅಕ್ಕ ಅದರ ತುದಿಯಲ್ಲಿ ಕರದಂಟಿನ ಒಂದು ತುಣುಕು ಕಟ್ಟಿದ್ದಳು. “ನೀರಡಿಸಿದಾಗ ಬರೇ ನೀರ ಕುಡೀಬ್ಯಾಡ. ಮೊದಲ ಇದನ್ನ ಬಾಯಿಗೆ ಹಾಕ್ಕೋ.” ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ, ಆಮೇಲೆ ನೀರು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಉಸಿರಿನ ಹಾಗೆ ಬಂದುಬಿಟ್ಟಿರುತ್ತದೆ.

ಕತ್ತಾಳೆಯ ತೋಟ

ದಾರಿ ಅಂಬೋನಿ ಎಂಬ ಕಡೆಗೆ ಹೋಗಿ ಸುತ್ತಿ ಬರುವಂಥದ್ದು. ಅಲ್ಲಿ ಗುಹೆಗಳಿವೆ. ಬಾದಾಮಿಯ ಗುಹೆಗಳನ್ನು ಮನುಷ್ಯರು ಕೆತ್ತಿದರು, ಅಂಬೋನಿಯವನ್ನು ನೀರು ಕೆತ್ತಿದೆ. ನೀರು ಯಾರ ಹೆಸರನ್ನೂ ಬರೆದಿಟ್ಟಿಲ್ಲ ಎಂಬುದಷ್ಟೇ ವ್ಯತ್ಯಾಸ. ಅವನ್ನು ಹಿಂದಿನ ವಾರ ನೋಡಿದ್ದೆ. ಓಟದ ದಿನ ಗುಹೆಯ ತಂಪು ನೆನೆದುಕೊಳ್ಳಲೂ ತ್ರಾಣವಿರಲಿಲ್ಲ.

ರಸ್ತೆಯ ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಕತ್ತಾಳೆ. ನಮ್ಮಲ್ಲಿ ಅದು ಬದುವಿನ ಮೇಲೆ ದನ ಬರದಂತೆ ನೆಟ್ಟ ಬೇಲಿ. ಅಲ್ಲಿ ಅದೇ ಬೆಳೆ. ಎಲೆಯ ನಾರು ತೆಗೆದು ಹಗ್ಗ ಮಾಡಿ ಹಡಗಿನಲ್ಲಿ ಕಳಿಸುತ್ತಾರೆ. ಬಿಳಿ ನಾರನ್ನು ತಂತಿಗಳ ಮೇಲೆ ಒಣಹಾಕಿದ್ದು ದೂರದಿಂದ ಮುದುಕಿಯರು ತಲೆಗೂದಲು ಬಿಚ್ಚಿ ಕೂತಂತೆ ಕಾಣುತ್ತಿತ್ತು. ಬೆಳೆ ಚೆಂದ, ಆದರೆ ಅದಕ್ಕೆ ನೆರಳೆಂಬುದೇ ಇಲ್ಲ.

ಗಂಡಸರು ಹಿಂದೆ ಮುಂದೆ ಚದುರಿದ್ದರು. ನಾನೂ ನೀಮಾಳೂ ಜೊತೆಯಾಗಿ ಓಡುತ್ತಿದ್ದೆವು. ಹಾದಿಯ ಜನ ಮನೆಯ ಬಾಗಿಲಿಗೆ ಬಂದು “ಪೋಲೆ! ಪೋಲೆ!” ಎನ್ನುತ್ತಿದ್ದರು. ಮೊದಲರ್ಧ ನೀಮಾ ಪ್ರತಿಯೊಬ್ಬರಿಗೂ ‘ನಿಮೆಪೋವಾ’ ಎಂದಳು. ತಿರುಗಿ ಬರುವಾಗ ಅವಳ ಉತ್ತರ ನಿಂತುಹೋಯಿತು. ನೋಡಿದರೆ ಅವಳ ಹೆಜ್ಜೆ ಸೊಟ್ಟ ಬೀಳುತ್ತಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ರಾತ್ರಿ ನಿದ್ದೆ ಮಾಡಿದೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಡ್ಯೂಟಿ ಇತ್ತು. ಯಾರೂ ಬದಲಿಗೆ ಸಿಗಲಿಲ್ಲ.”

ಆಸ್ಪತ್ರೆಯಿಂದ ನೇರವಾಗಿ ಓಟಕ್ಕೆ ಬಂದಿದ್ದಳು. ಸ್ವಲ್ಪ ಮುಂದೆ ಒಂದು ಭಾರೀ ಮರ ಕಂಡಿತು, ಬೊಡ್ಡೆಯೇ ಒಂದು ಕೋಣೆಯಷ್ಟಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ, ಬಿಜಾಪುರದಲ್ಲಿ ಕಂಡ ದೊಡ್ಡಹುಣಸೆ, ಇಂಗ್ಲಿಷಿನವರ ಬಾವೊಬಾಬ್. ಅಷ್ಟು ದೂರ ಹೋಗಿ ಪರಿಚಯದವರನ್ನು ಕಂಡಂತಾಯಿತು. ಅದರ ಪಕ್ಕದಲ್ಲಿ ಒಂದು ಗುಡಿಸಲು, ಬಾಗಿಲಲ್ಲಿ ಬಕೆಟ್ಟು ಹಿಡಿದ ಒಬ್ಬ ಹೆಂಗಸು.

“ಒಂದು ಗಳಿಗೆ ಕೂರು” ಎಂದೆ.

“ಇಲ್ಲ. ಕೂತರೆ ಮುಗಿಯಿತು. ಹುಡುಗಿಯರು...”

“ಕೂರು, ನೀಮಾ.”

“ಇಲ್ಲ.”

ನನ್ನ ಇಂಗ್ಲಿಷು ಅಲ್ಲಿಗೆ ಸೋತಿತು. “ಕುಂದರತೀಯೋ ಇಲ್ಲೋ!” ಎಂದು ಅವ್ವನ ದನಿಯಲ್ಲಿ ಕೂಗಿದೆ. ನಾನು ಹಾಗೆ ಕೂಗಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ನೀಮಾ ಬೆಚ್ಚಿ ನೋಡಿ, ಬೊಡ್ಡೆಗೆ ಬೆನ್ನು ಕೊಟ್ಟು ಕುಸಿದು ಕೂತಳು. ಗುಡಿಸಲಿನ ಹೆಂಗಸು ನೀರು ತಂದಳು. ನೀಮಾ ಕೈಚಾಚಿದಾಗ ನಾನು ಲೋಟವನ್ನು ಹಿಂದಕ್ಕೆಳೆದುಕೊಂಡೆ.

“ಮೊದಲು ಇದು.”

ಓಢಣಿಯ ಗಂಟು ಬಿಚ್ಚಿ ಕರದಂಟು ಅವಳ ಬಾಯಿಗಿಟ್ಟೆ. ಅವಳು ಅಗಿದಳು. ಅದು ಬೇಗ ಕರಗುವ ವಸ್ತುವಲ್ಲ. ನಿಧಾನಕ್ಕೆ ಅವಳ ಕಣ್ಣು ಸರಿಯಾಗಿ ನೋಡತೊಡಗಿತು.

“ನಾನು ನರ್ಸ್. ರೋಗಿಗೆ ನೀರು ಕೊಡದೆ ಹಿಡಿದುಕೊಳ್ಳುವವರನ್ನು ಇವತ್ತೇ ಕಂಡದ್ದು” ಎಂದಳು ಅಗಿಯುತ್ತಲೇ.

“ರೋಗಿ ಬೈಯುತ್ತಿದ್ದಾಳೆ. ಅಂದರೆ ಗುಣವಾಯಿತು. ಈಗ ಕುಡಿ.”

ಇಬ್ಬರೂ ನಕ್ಕೆವು. ಆಗಲೇ ಕೂಟದ ಸೈಕಲ್ ಸವಾರನೊಬ್ಬ, ಓಟಗಾರರ ಮೇಲೆ ಕಣ್ಣಿಡಲು ತಿರುಗುತ್ತಿದ್ದವನು, ನಮ್ಮನ್ನು ನೋಡಿ, ಬೆಲ್ಲು ಬಾರಿಸದೆ ಮುಂದೆ ಹೋದ. ನೀಮಾಳ ನಗು ನಿಂತಿತು. ಅವಳು ಎದ್ದಳು. ಸ್ವಲ್ಪ ದೂರ ನಡೆದೆವು, ಆಮೇಲೆ ಓಡಿದೆವು.

ಶಾಲೆಯ ಹಿಂದಿನ ಮಾವಿನ ಮರ

ಓಟ ಮುಗಿಯುವ ಜಾಗ ಮಾಮಾ ಕಲಿಸುವ ಶಾಲೆಯ ಹಿಂದಿನ ಬಯಲು. ಅಲ್ಲಿ ನೀಮಾಳ ಹುಡುಗಿಯರು ಕುಣಿದು ಕೂಗುತ್ತಿದ್ದರು. ಅವರ ನಡುವೆ ಕಂಡ ದೃಶ್ಯಕ್ಕೆ ನನ್ನ ಕಾಲು ನಿಂತಿತು. ತಲೆಗೆ ಬಟ್ಟೆ ಕಟ್ಟಿ ಒಳಮನೆಯಲ್ಲಿರಬೇಕಾದ ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು, ಮಾವಿನ ಮರದ ಕೆಳಗೆ ನೀರಿನ ಕೊಡ, ಬುಟ್ಟಿ ತುಂಬ ಸುಕಾರಿ ಗುರು ಇಟ್ಟುಕೊಂಡು ನಿಂತಿದ್ದಳು. ಬಂದರಿನಲ್ಲಿ ಮೂಟೆ ಹೊರುವ ಕಟ್ಟುಮಸ್ತಾದ ಗಂಡಸರು ಕೊಡದ ಕಡೆಗೆ ನುಗ್ಗುತ್ತಿದ್ದರು.

“ನಿಂತು ಕುಡೀಬ್ಯಾಡ್ರಿ! ಕುಂದರ್ರಿ ಮೊದಲ! ಬೆಲ್ಲ ತಗೋರಿ! ಏ, ನಿನಗ ಹೇಳಿದ್ದು, ಕುಂದರು!”

ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಎಲ್ಲರೂ ಕೂತರು. ಮ್ಝೇ ಹಮೀಸಿ ಕೂಡ ಬೆಲ್ಲದ ಚೂರು ಕೈಯಲ್ಲಿ ಹಿಡಿದು ಶಾಲೆಯ ಹುಡುಗನ ಹಾಗೆ ಕೂತಿದ್ದರು.

“ಬಾಣಂತಿ ಬಿಸಲಾಗ ಬರಬಾರದು ಅಂತ ಹೇಳಿದ್ದೆನಲ್ಲ” ಎಂದರು ಮಾಮಾ ಮೆಲ್ಲಗೆ.

“ನೀವು ಓಡಬಹುದು, ನಾ ನಿಲ್ಲಬಾರದೇನು? ಸುಮ್ಮ ಬೆಲ್ಲ ತಿನ್ನರಿ” ಎಂದಳು ಅಕ್ಕ.

ಈ ಕೂಟದ ಒಂದು ಪದ್ಧತಿ ನನಗೆ ಓಟಕ್ಕಿಂತ ಹೆಚ್ಚು ಭಯ ಹುಟ್ಟಿಸಿತ್ತು. ಓಟ ಮುಗಿದ ಮೇಲೆ ಎಲ್ಲರೂ ಆ ಮರದ ಕೆಳಗೆ ಸೇರುತ್ತಾರೆ. ಒಬ್ಬೊಬ್ಬರೂ ಒಂದು ಬೋರಲು ಹಾಕಿದ ಸೋಡಾ ಪೆಟ್ಟಿಗೆಯ ಮೇಲೆ ಕೂತು ತಮಗೇನಾಯಿತು ಎಂದು ಹೇಳಬೇಕು. ಕಷ್ಟದ ಮಾತು ಬಂದಾಗ ಕೇಳುವವರು ಒಟ್ಟಿಗೆ ‘ಪೋಲೆ!’ ಎನ್ನುತ್ತಾರೆ, ನಮ್ಮಲ್ಲಿ ಕಥೆ ಕೇಳುವಾಗ ಹ್ಞೂಂ ಎಂದು ಹೂಗುಟ್ಟುವ ಹಾಗೆ. ಹೇಳಿದವರು ‘ನಿಮೆಪೋವಾ’ ಎಂದು ಏಳುತ್ತಾರೆ. ಹೊಸಬರ ಸರದಿ ಕೊನೆಗೆ. ಹೇಗೆ ಹೇಳಬೇಕೆಂದು ಕೇಳಿ ಕಲಿಯಲಿ ಎಂದು.

ಅಷ್ಟರಲ್ಲಿ ಸೈಕಲ್ ಸವಾರ ಮ್ಝೇ ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ನಮ್ಮಿಬ್ಬರನ್ನು ನೋಡಿ ಮುಖ ಗಂಭೀರ ಮಾಡಿಕೊಂಡರು. “ಮೊದಲು ಎಲ್ಲರೂ ಹೇಳಲಿ. ಆಮೇಲೆ ಒಂದು ವಿಷಯ ತೀರ್ಮಾನಿಸುವುದಿದೆ” ಎಂದರು. ನೀಮಾ ನನ್ನ ಪಕ್ಕದಲ್ಲಿ ನೆಲ ನೋಡುತ್ತ ಕೂತಳು. ಅವಳ ಹುಡುಗಿಯರಿಗೆ ಇನ್ನೂ ಏನೂ ತಿಳಿದಿರಲಿಲ್ಲ, ನಗುತ್ತಿದ್ದರು.

ಹಿರಿಯರಾದ್ದರಿಂದ ಮ್ಝೇ ಅವರೇ ಮೊದಲು ಪೆಟ್ಟಿಗೆಯೇರಿದರು. ಮಾಮಾ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತ ಹೋದರು.

“ಊರು ದಾಟುವಷ್ಟರಲ್ಲಿ ನನ್ನ ಮೊಣಕಾಲು ಮಾತಾಡತೊಡಗಿತು” ಎಂದು ಮ್ಝೇ ಶುರು ಮಾಡಿದರು. “ಸೇತುವೆಯ ಹತ್ತಿರ ನನ್ನ ಗೆಳೆಯ ಕಾಫಿ ಮಾರುತ್ತಾನೆ. ಕರೆದ. ಕರೆದವನ ಮುಂದೆ ಓಡಿಹೋಗುವುದು ಮರ್ಯಾದೆಯೇ? ಕೂತೆ. ಒಂದು ಬಟ್ಟಲು ಕುಡಿದೆ. ಅವನ ಸೊಸೆ ಜಗಳವಾಡಿ ತವರಿಗೆ ಹೋಗಿದ್ದಾಳಂತೆ. ಅದನ್ನು ಅರ್ಧಕ್ಕೆ ಬಿಟ್ಟು ಏಳುವುದು ಹೇಗೆ? ಇನ್ನೊಂದು ಬಟ್ಟಲು ಕುಡಿದೆ.”

“ಪೋಲೆ!” ಎಂದರು ಎಲ್ಲರೂ, ಸೊಸೆಗೋ ಮೊಣಕಾಲಿಗೋ ತಿಳಿಯಲಿಲ್ಲ.

ಆಮೇಲೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ, ಹೊಟ್ಟೆ ಸ್ವಲ್ಪ ಮುಂದಿದ್ದ ಜೋಸೆಫ್. “ಹಳಿಯ ಗೇಟು ಹಾಕಿತ್ತು. ಉಳಿದವರು ಬಗ್ಗಿ ದಾಟಿದರು. ನಾನು ರೈಲ್ವೆಯವನು, ಹಾಗೆ ದಾಟಬಹುದೇ? ರೈಲು ಬರಲೆಂದು ಗೇಟಿನವನ ಬೆಂಚಿನ ಮೇಲೆ ಕೂತೆ. ಗಾಳಿ ಚೆನ್ನಾಗಿತ್ತು. ಮಲಗಿದೆ. ಎದ್ದಾಗಲೂ ರೈಲು ಬಂದಿರಲಿಲ್ಲ.”

“ಪೋಲೆ, ಜೋಸೆಫ್!” ಮರದ ಮೇಲಿನ ಕಾಗೆಗಳು ಹಾರಿದವು.

ಮಾಮಾ ಎದ್ದು, ಎಳನೀರು ಮಾರುವವನ ಹತ್ತಿರ ಕೂತದ್ದನ್ನೂ, ಕುಡಿದ ಮೇಲೆ ಅವನಿಂದ ಗಂಜಿ ಕೆರೆಸಿಕೊಂಡು ತಿಂದದ್ದನ್ನೂ ಅಭಿನಯಿಸಿ ತೋರಿಸಿದರು. ಅಕ್ಕ ಹಣೆ ಬಡಿದುಕೊಂಡಳು. ಹೀಗೇ ಒಬ್ಬೊಬ್ಬರದೂ ಆಯಿತು. ಒಬ್ಬ ಕೂತದ್ದು ಚಮ್ಮಾರನ ಬಳಿ, ಇನ್ನೊಬ್ಬ ಮಸೀದಿಯ ಮೆಟ್ಟಿಲ ಮೇಲೆ. ಮೊದಲು ಗುರಿ ಮುಟ್ಟಿದವನು ಸಲೀಮು ಎಂಬ ಎಳೆಯ ಬಂದರು ಕೆಲಸಗಾರ. ಅವನು ಪೆಟ್ಟಿಗೆಯ ಮೇಲೆ ಕೂತು, “ಓಡಿದೆ. ಬಂದೆ” ಎಂದ. ಎಲ್ಲರೂ ಇನ್ನೂ ಏನೋ ಬರುತ್ತದೆಂದು ಕಾದರು. ಬರಲಿಲ್ಲ. ಪೋಲೆ ಎನ್ನಲು ಯಾರಿಗೂ ಜಾಗ ಸಿಗಲಿಲ್ಲ. ಅವನು ಪೆಚ್ಚಾಗಿ ಎದ್ದುಹೋದ.

ನಮ್ಮ ಸರದಿ ಬಂತು. ನೀಮಾ ಏಳಲಿಲ್ಲ. ಕಾರಣ ನನಗೆ ತಿಳಿದಿತ್ತು, ಎದ್ದಿದ್ದರೆ ಮೊದಲ ಮಾತಿಗೇ ಅವಳು ಅತ್ತುಬಿಡುತ್ತಿದ್ದಳು. ನಾನು ಹೋಗಿ ಪೆಟ್ಟಿಗೆಯ ಮೇಲೆ ಕೂತೆ. ಇಷ್ಟು ಜನರೆದುರು ನಾನು ಎಂದೂ ಬಾಯಿ ತೆರೆದವಳಲ್ಲ. ಇಂಗ್ಲಿಷು ಗಂಟಲಿಗೆ ಬರಲೇ ಇಲ್ಲ, ಬಂದದ್ದು ಇಳಕಲ್ಲಿನ ಮಾತು.

“ಮಾಮಾ, ನೀವು ಇವ್ರಿಗೆ ಹೇಳ್ರಿ. ನಾವು ದೊಡ್ಡಹುಣಸಿ ಗಿಡದ ಬುಡಕ ಕೂತಿವಿ. ನೀಮಾ ಒಲ್ಲೆ ಅಂದ್ಲು, ನಾನ ಬೈದು ಕುಂದರಿಸಿದೆ. ನಮ್ಮ ಕಡೆ ಬಿಸಲಾಗ ಬಂದವರನ್ನ ಮೊದಲ ಕುಂದರಸ್ತಾರ, ಬೆಲ್ಲ ಕೊಡತಾರ, ಆಮ್ಯಾಲ ನೀರು. ಅಷ್ಟ ಮಾಡೇನಿ. ಆಮ್ಯಾಲ ಎದ್ದು ಓಡಿ ಬಂದೀವಿ.”

ಮಾಮಾ ಸ್ವಾಹಿಲಿಯಲ್ಲಿ ಹೇಳಿದರು. ಹುಡುಗಿಯರ ನಗು ನಿಂತಿತು. ಮ್ಝೇ ತಲೆ ತಗ್ಗಿಸಿದರು. ನಾನು ಮುಂದುವರಿಸಿದೆ.

“ಮ್ಝೇ ಅವ್ರು ಕಾಫಿ ಮಾರಾವನ ಹಂತೇಕ ಕೂತ್ರು. ಜೋಸೆಫ್ ಗೇಟಿನ್ಯಾಗ ಮಲಗಿದ್ರು. ಎಲ್ಲಾರ ಕತಿಯೊಳಗೂ ಒಂದೊಂದು ನೆರಳು ಐತಿ. ಎಲ್ಲಾದಕ್ಕೂ ಪೋಲೆ ಅಂದ್ರಿ. ನಮ್ಮ ಕತಿಯೊಳಗಿನ ನೆರಳು ಅಷ್ಟ ತಪ್ಪು ಹೆಂಗಾಗತೈತಿ?”

ಮಾಮಾ ನನ್ನನ್ನು ನೋಡಿದರು. “ಇದನ್ನ ಹೇಳ್ಲೇನು?”

“ಹೇಳ್ರಿ.”

“ನಾ ಎಳನೀರಿನವನ ಕಡೆ ಕೂತದ್ದೂ ಸೇರಿಸ್ಲೇನು?”

“ಅದನ್ನ ನೀವ ಆಗಲೆ ಕುಣಿದು ತೋರ್ಸೀರಿ.”

ಹೇಳಿದರು. ನನ್ನ ಕೈಗಳು ಓಢಣಿಯ ಆ ಖಾಲಿ ತುದಿಯನ್ನು ಹಿಡಿದಿದ್ದವು. ಆಗ ಜೋಸೆಫ್, ಹೊಟ್ಟೆಯ ಆಳದಿಂದ, “ಪೋಲೆ!” ಎಂದ. ಹಿಂದೆಯೇ ಚಮ್ಮಾರನ ಬಳಿ ಕೂತಿದ್ದವನು. ಆಮೇಲೆ ಇಡೀ ಮರವೇ ಪೋಲೆ ಎಂದಿತು.

ಮ್ಝೇ ಹಮೀಸಿ ಮೊದಲು ಭುಜದಲ್ಲಿ ನಕ್ಕರು, ಆಮೇಲೆ ಮೈಯೆಲ್ಲ ನಕ್ಕರು. “ನಾನು ಕಾಫಿ ಕುಡಿಯುತ್ತ ಕೂತಾಗ ನನಗಾಗಿ ಒಬ್ಬರೂ ಹೆದರಲಿಲ್ಲ” ಎಂದರು. “ಎರಡು ಬಟ್ಟಲು ಮುಗಿಯುವವರೆಗೂ!” ಆಮೇಲೆ ಸಲೀಮುವನ್ನು ಕರೆದು, “ನೀನು ಎಲ್ಲಿಯೂ ಕೂರಲಿಲ್ಲವೇನೋ?” ಎಂದು ಕೇಳಿದರು.

“ಇಲ್ಲ, ಮ್ಝೇ.”

“ಅದಕ್ಕೇ ನಿನ್ನ ಹತ್ತಿರ ಹೇಳಲು ಏನೂ ಇಲ್ಲ.”

ನೀಮಾಳ ಕಡೆ ತಿರುಗಿ, “ಮುಂದಿನ ವರ್ಷ ನಿನ್ನ ಹುಡುಗಿಯರನ್ನು ಕರೆದುಕೊಂಡು ಬಾ. ಕೂತವರು ಎಲ್ಲಿ ಕೂತೆವೆಂದು ಇಲ್ಲಿ ಹೇಳಬೇಕು, ಅದೊಂದೇ ಷರತ್ತು. ಗಂಡಸರಿಗೂ ಅದೇ” ಎಂದರು.

ಹುಡುಗಿಯರು ಕಿರುಚಿಕೊಂಡು ನೀಮಾಳ ಮೇಲೆ ಬಿದ್ದರು. ಅವಳು ಅವರನ್ನು ಬಿಡಿಸಿಕೊಂಡು ಬಂದು, ಪೆಟ್ಟಿಗೆಯ ಮೇಲೆ ಕೂತು, ಅಳುತ್ತ ನಗುತ್ತ ಒಂದೇ ಮಾತು ಹೇಳಿದಳು.

“ನಿಮೆಪೋವಾ.”

ಅಕ್ಕ ಬುಟ್ಟಿಯಲ್ಲಿ ಉಳಿದಿದ್ದ ಬೆಲ್ಲವನ್ನು ಇನ್ನೊಂದು ಸುತ್ತು ಹಂಚಿದಳು.

ಮತ್ತೆ ಅದೇ ರಸ್ತೆ

ನಾನು ಟಾಂಗಾ ಬಿಟ್ಟ ದಿನ ನೀಮಾಳ ಹುಡುಗಿಯರು ಬಸ್ಸಿನ ಜೊತೆಗೆ ಊರ ಅಂಚಿನವರೆಗೆ ಓಡಿಬಂದರು. ನೀಮಾ ಎಲ್ಲರಿಗಿಂತ ಮುಂದಿದ್ದಳು. ಆ ದಿನ ಅವಳಿಗೆ ರಾತ್ರಿ ಡ್ಯೂಟಿ ಇರಲಿಲ್ಲ.

ಊರಿಗೆ ಬಂದು, ಕೂಸು ಹೇಗಿದೆ, ಅಕ್ಕ ಎಷ್ಟು ತಿನ್ನುತ್ತಾಳೆ, ವಿಮಾನ ಹೇಗೆ ಇಳಿಯಿತು ಎಂದು ಅವ್ವನಿಗೆ ಎಲ್ಲ ಒಪ್ಪಿಸಿದ ಮೇಲೆ, ಒಂದು ಬೆಳಗ್ಗೆ ಹುನಗುಂದದ ರಸ್ತೆಗಿಳಿದೆ. ಅಪ್ಪ ಸೈಕಲ್ ಹತ್ತಿದರು. ಗೌರವ್ವ ಎಂದಿನಂತೆ ಹೊಲದಿಂದ ಕೈಬೀಸಿದಳು.

“ಎಲ್ಲಿಗೆ ಹೋಗಿದ್ದೆವ್ವಾ ಇಷ್ಟು ದಿನ? ಬಾ, ಕುಂದರು.”

ನಾನು ರಸ್ತೆಯಿಂದಿಳಿದು ಬದುವಿನ ಮೇಲೆ ಕೂತೆ. ಅಪ್ಪ ಬ್ರೇಕ್ ಹಾಕಲು ಮರೆತು ಸ್ವಲ್ಪ ಮುಂದೆ ಹೋಗಿ, ಹೊರಳಿ ಬಂದು, ಸೈಕಲ್ಲನ್ನು ಬೇವಿನ ಗಿಡಕ್ಕೆ ಒರಗಿಸಿದರು. ಗೌರವ್ವ ಸೆರಗಿನಿಂದ ಬೆಲ್ಲ ತೆಗೆದು ಇಬ್ಬರಿಗೂ ಕೊಟ್ಟಳು, ಆಮೇಲೆ ನೀರಿನ ತತ್ರಾಣಿ ಮುಂದಿಟ್ಟಳು. ನಾನು ಟಾಂಗಾದ ಓಟವನ್ನು ಮೊದಲಿನಿಂದ ಹೇಳಿದೆ. ಜೋಸೆಫ್ ಮಲಗಿದ ಜಾಗ ಬಂದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಹೊತ್ತು ಏರುತ್ತಿತ್ತು. ಅಪ್ಪ ಶಾಲೆಯ ವೇಳೆಯಾಯಿತೆಂದು ಹೇಳಲಿಲ್ಲ.

“ಮತ್ತ ಆ ನರ್ಸಬಾಯಿ ಹುಡುಗ್ಯಾರು? ಬರೂ ವರ್ಸ ಓಡತಾರೇನ?”

“ಓಡತಾರವ್ವ.”

“ನಡುವ ಕುಂದರಾಕ ಬಿಡತಾರ?”

“ಬಿಡತಾರ.”

“ಹಂಗಾರ ಛಲೋ ಊರ ಬಿಡು” ಎಂದು ಗೌರವ್ವ ನನ್ನ ಅಂಗೈಗೆ ಇನ್ನೊಂದು ಚೂರು ಬೆಲ್ಲ ಇಟ್ಟಳು.